ಹರಳಿಗೆ ಸಾಣೆ, ಬೆಳ್ಳಿಗೆ ಬೆಸುಗೆ: ನಮ್ಮ ಕೂಟಕ್ಕೆ ಸೇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಹರಳು ಕಡಿಯುವುದನ್ನೂ ಬೆಳ್ಳಿ ಕೆಲಸವನ್ನೂ ಕೂಡಿ ಕಲಿಯುವ ಕೂಟ ನಮ್ಮದು. ಯಂತ್ರಗಳು ಎಲ್ಲರವು, ಕೂತು ಮಾಡಿದ್ದು ಅವರವರದು. ಹೊಸಬರು ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಪೂರ್ತಿ ಓದಲು ಪುರಸೊತ್ತಿಲ್ಲದಿದ್ದರೆ ಧೂಳು ಮತ್ತು ಬೆಂಕಿಯ ಬಗ್ಗೆ ಬರೆದದ್ದನ್ನಾದರೂ ಓದಿಕೊಂಡೇ ಬನ್ನಿ.

ಅಲ್ಲಿ ಏನೇನು ಕಲಿಸ್ತೀರ್ರಿ?

ಎರಡು ಕೆಲಸ. ಒರಟು ಕಲ್ಲನ್ನು ಕೊಯ್ದು, ಸಾಣೆ ಹಿಡಿದು, ಹೊಳಪು ಕೊಟ್ಟು ಹರಳು ಮಾಡುವುದು ಒಂದು. ಬೆಳ್ಳಿಯ ತಗಡು, ತಂತಿಯಿಂದ ಉಂಗುರವನ್ನೋ ಪದಕವನ್ನೋ ಮಾಡಿ ಅದರಲ್ಲಿ ಆ ಹರಳನ್ನು ಕೂರಿಸುವುದು ಇನ್ನೊಂದು.

"ನನಗ ಕಲ್ಲಿನ ಕೆಲಸ ಅಷ್ಟ ಸಾಕ್ರಿ" ಅನ್ನುವವರು ಬಹಳ. ಬರೀ ಬೆಳ್ಳಿ ಕೇಳುವವರೂ ಇದ್ದಾರೆ. ಮೊದಲ ಹಂತದಲ್ಲಿ ಎರಡನ್ನೂ ಕಲಿಯಿರಿ ಎಂದು ನಾವು ಹಟ ಹಿಡಿಯುತ್ತೇವೆ. ಅದಕ್ಕೆ ಕಾರಣ ಇದೆ. ಪೇಟೆಗೆ ಬರುವ ಹರಳುಗಳನ್ನು ಜೈಪುರದಂಥ ಊರಲ್ಲಿ ಯಾರೋ ಕಡಿದಿರುತ್ತಾರೆ. ಬೆಳ್ಳಿ ಸಾಮಾನು ಕೊಲ್ಹಾಪುರದ ಹತ್ತಿರದ ಹುಪರಿಯಲ್ಲೋ ಸೇಲಂನಲ್ಲೋ ಆಗಿರುತ್ತದೆ. ಕಡಿದವರು ಕೂರಿಸಿದವರ ಮುಖ ನೋಡಿರುವುದಿಲ್ಲ. ದೊಡ್ಡ ವ್ಯಾಪಾರಕ್ಕೆ ಅದು ಸರಿ, ಕಲಿಯುವವರಿಗೆ ಅದರಿಂದ ನಷ್ಟ. ಹರಳಿನ ಅಂಚನ್ನು ನೆಟ್ಟಗೆ ಬಿಟ್ಟರೆ ಅದನ್ನು ಸುತ್ತುವ ಬೆಳ್ಳಿ ಪಟ್ಟಿಗೆ ಹಿಡಿತವೇ ಸಿಗುವುದಿಲ್ಲ. ತಳ ಅಗಲವಾಗಿದ್ದು, ಅಂಚು ಮೇಲೇರುತ್ತ ಒಳಕ್ಕೆ ತುಸು ವಾಲಿರಬೇಕು. ತಾನು ಕಡಿದ ಹರಳನ್ನು ತಾನೇ ಕೂರಿಸಲು ಹೋದವರಿಗೆ ಇದು ಒಂದೇ ಸಲಕ್ಕೆ ತಿಳಿಯುತ್ತದೆ, ಆಮೇಲೆ ಜನ್ಮದಲ್ಲಿ ಮರೆಯುವುದಿಲ್ಲ. ಕಲ್ಲು ಬೆಳ್ಳಿಯ ಪಾಠ ಹೇಳುತ್ತದೆ, ಬೆಳ್ಳಿ ಕಲ್ಲಿನ ಪಾಠ ಹೇಳುತ್ತದೆ. ಈ ಕೂಟ ಕಟ್ಟಿದ್ದೇ ಈ ನಂಬಿಕೆಯ ಮೇಲೆ.

ನನಗ ಇದರಾಗ ಏನೂ ಗೊತ್ತಿಲ್ಲರಿ. ವಯಸ್ಸೂ ಆಗೇತಿ. ಬರಬಹುದೇನ್ರಿ?

ಧಾರಾಳವಾಗಿ ಬನ್ನಿ. ನಿವೃತ್ತ ಮಾಸ್ತರರು, ಬ್ಯಾಂಕಿನವರು, ಕಾಲೇಜಿನ ಹುಡುಗಿಯರು, ಮನೆಗೆಲಸ ಮುಗಿಸಿ ಮಧ್ಯಾಹ್ನ ಬರುವ ಅಕ್ಕಂದಿರು ಎಲ್ಲರೂ ಒಂದೇ ಬೆಂಚಿಗೆ ಕೂರುತ್ತಾರೆ. ಕೈ ನಡುಗುತ್ತದೆ ಎಂದು ಹಿಂಜರಿಯಬೇಡಿ. ಸಾಣೆಯ ಮುಂದೆ ಎರಡೂ ಕೈಗೆ ಆಸರೆ ಇರುತ್ತದೆ. ಚಾಳೀಸು ಇದ್ದರೆ ತನ್ನಿ, ತಲೆಗೆ ಕಟ್ಟುವ ಭೂತಗನ್ನಡಿ ನಮ್ಮಲ್ಲಿದೆ.

ಚಿಕ್ಕವರು ತಂದೆ ಅಥವಾ ತಾಯಿಯ ಜತೆ ಬಂದು ಕಲ್ಲಿಗೆ ಹೊಳಪು ಕೊಡುವುದನ್ನು ಕಲಿಯಬಹುದು. ಬೆಂಕಿಯ ಕೆಲಸ ಹದಿನೆಂಟು ತುಂಬಿದವರಿಗೆ ಮಾತ್ರ. ದಮ್ಮು ಇರುವವರು ಡಾಕ್ಟರನ್ನು ಕೇಳಿ ಬನ್ನಿ. ಗರ್ಭಿಣಿಯರು ಬೆಸುಗೆಯ ಬೆಂಚಿನಿಂದ ದೂರ ಇರುವುದು ಒಳ್ಳೆಯದು.

ನಾವು ಪತ್ತಾರ ಮಂದಿ ಅಲ್ಲರಿ, ನಮಗೂ ಕಲಿಸ್ತೀರೇನು?

ಕಲಿಸುತ್ತೇವೆ. ಮನೆತನ, ಜಾತಿ ಯಾರೂ ಕೇಳುವುದಿಲ್ಲ.

ಪತ್ತಾರರ, ಅಂದರೆ ಅಕ್ಕಸಾಲಿಗರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮಗೆ ಬೆಳ್ಳಿ ಕೆಲಸ ಕಲಿಸುವವರು ಆ ಕಸುಬಿನಲ್ಲೇ ಕೂದಲು ಬೆಳ್ಳಗಾದವರು. ಲಿಂಗದ ಕರಡಿಗೆ, ಉಡಿದಾರ, ಕಾಲುಂಗುರ ಮಾಡಿ ಸಂಸಾರ ನಡೆಸಿದವರು. ಎರಕದ ಮಾಲು, ಯಂತ್ರದ ಮಾಲು ಬಂದ ಮೇಲೆ ಅವರ ಮಕ್ಕಳಲ್ಲಿ ಹಲವರು ಬೇರೆ ದಾರಿ ಹಿಡಿದಿದ್ದಾರೆ. ಅವರು ಕೂಟಕ್ಕೆ ಬಂದು ಕೂತಷ್ಟು ಹೊತ್ತಿಗೆ ಸಂಭಾವನೆ ಕೊಡುತ್ತೇವೆ. ಇದರಲ್ಲಿ ಚೌಕಾಸಿ ಇಲ್ಲ. "ಕಾಕಾ, ಅದೊಂದೀಟು ತೋರಸ್ರಿ" ಎಂದರೆ ಊದುಗೊಳವೆಯಲ್ಲೇ ಉರಿಯನ್ನು ಸೂಜಿಯ ಮೊನೆಯಷ್ಟು ಸಣ್ಣ ಮಾಡಿ ತೋರಿಸುತ್ತಾರೆ. ಗ್ಯಾಸ್ ಟಾರ್ಚ್ ಹಿಡಿದು ಕಲಿತ ನಮ್ಮಲ್ಲಿ ಯಾರಿಗೂ ಅದು ಇನ್ನೂ ಕೈಗೆ ಹತ್ತಿಲ್ಲ.

ಪತ್ತಾರ ಕೆಲಸವನ್ನೇ ನೆಚ್ಚಿ ಬದುಕುವವರು ಯಾರಾದರೂ ಇದನ್ನು ಓದುತ್ತಿದ್ದರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಇರುವ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಒಂದು. ತರಬೇತಿಯ ಜತೆಗೆ ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷ, ಎರಡನೆಯದರಲ್ಲಿ 2 ಲಕ್ಷದವರೆಗೆ ಶೇಕಡ 5ರ ಬಡ್ಡಿಯ ಸಾಲ ಅದರಲ್ಲಿದೆ. ಅರ್ಜಿ ಹಾಕುವುದು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ. ನಮ್ಮ ಕೂಟ ಅದಕ್ಕೆ ಬದಲಿ ಅಲ್ಲ, ನಾವು ಕೊಡುವ ಯಾವ ಕಾಗದವೂ ಅಲ್ಲಿ ನಡೆಯುವುದಿಲ್ಲ.

ಮೊದಲನೇ ದಿನಾನ ಮೆಷಿನ್ ಮ್ಯಾಲೆ ಕೂಡಸ್ತೀರೇನ್ರಿ?

ಇಲ್ಲ. ಮೊದಲ ದಿನ ಕಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡುವುದೇ ಕೆಲಸ. ಒಂದು ಟ್ರೇ ತುಂಬ ಕಲ್ಲು, ಒಂದು ಗಾಜಿನ ತುಂಡು, ಒಂದು ಉಕ್ಕಿನ ಮೊಳೆ ಕೊಡುತ್ತೇವೆ. ಯಾವುದು ಯಾವುದನ್ನು ಗೀರುತ್ತದೆ ಎಂದು ನೀವೇ ನೋಡಿ ಸಾಲಾಗಿ ಜೋಡಿಸಬೇಕು. ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯೂ ಹೀಗೆ ಗೀರಿ ನೋಡಿಯೇ ಆದದ್ದು. ನಮ್ಮ ಉಗುರು ಅದರಲ್ಲಿ ಸುಮಾರು 2.5, ಗಾಜು 5.5, ಬೆಣಚುಕಲ್ಲು 7, ಮಾಣಿಕ್ಯ ಮತ್ತು ನೀಲ 9, ವಜ್ರ 10.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ ನೋಡಿದವರು ಅಲ್ಲಿನ ಕಂಬಗಳ ನುಣುಪು ಎತ್ತಿ ಮಾತಾಡುತ್ತಾರೆ. ಆ ಕಲ್ಲು ಬಳಪದ ಜಾತಿಯದು, ಉಕ್ಕಿನ ಉಳಿಗೆ ಬಗ್ಗುತ್ತದೆ. ಅದಕ್ಕೇ ಆ ಶಿಲ್ಪಿಗಳು ಅಷ್ಟು ಸೂಕ್ಷ್ಮಕ್ಕೆ ಇಳಿಯಲು ಸಾಧ್ಯವಾಯಿತು. ನಾವು ಕಡಿಯುವ ಅಗೇಟ್‌ ಎಂಬ ಗೆರೆಗೆರೆಯ ಕಲ್ಲು ಬೆಣಚಿನ ಬಳಗದ್ದು, ಉಳಿ ಅದರ ಮೇಲೆ ಜಾರುತ್ತದೆ. ಅದನ್ನು ಕೆತ್ತುವುದಿಲ್ಲ, ಅದಕ್ಕಿಂತ ಗಡುಸಾದ ಪುಡಿಯಿಂದ ತೇಯುತ್ತೇವೆ. ಹಿಂದೆ ಕುರುಂದದ (ಮಾಣಿಕ್ಯ, ನೀಲಗಳ ಜಾತಿಯ ಖನಿಜ) ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆ ಮಾಡುತ್ತಿದ್ದರು, ಈಗ ವಜ್ರದ ಪುಡಿ ಅಂಟಿಸಿದ ಚಕ್ರಗಳಿವೆ. ತತ್ವ ಅದೇ.

ಮೊದಲನೇ ಹರಳು ಹೆಂಗ ಮಾಡೋದ್ರಿ?

ಎಲ್ಲರ ಮೊದಲ ಹರಳೂ ಅಗೇಟಿನ ಕ್ಯಾಬೊಶಾನ್. ಅಂದರೆ ಮೇಲೆ ಉಬ್ಬು, ಕೆಳಗೆ ಚಪ್ಪಟೆ ಇರುವ ಹರಳು. ಅಗೇಟ್ ಅಗ್ಗ, ಗಟ್ಟಿ, ಒಂದೇ ಹದದ ಕಲ್ಲು. ಕಲಿಯುವ ಕೈಯನ್ನು ಸಹಿಸಿಕೊಳ್ಳುತ್ತದೆ.

ಐದಾರು ಮಿಲಿಮೀಟರ್ ದಪ್ಪದ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಗೆರೆಗಳು ಚೆನ್ನಾಗಿ ಬಂದ ಜಾಗ ಹುಡುಕಿ, ಅಚ್ಚಿನ ಪಟ್ಟಿಯ ತೂತು ಇಟ್ಟು ಅಲ್ಯೂಮಿನಿಯಂ ಕಡ್ಡಿಯಿಂದ ಗೆರೆ ಎಳೆಯಿರಿ. ಪೆನ್ಸಿಲ್ ಗೆರೆ ನೀರಿಗೆ ಹೋಗುತ್ತದೆ, ಅಲ್ಯೂಮಿನಿಯಂ ಗೆರೆ ನಿಲ್ಲುತ್ತದೆ. ಹೊಸಬರಿಗೆ 25x18 ಮಿ.ಮೀ. ಅಂಡಾಕಾರ ಸೂಕ್ತ. ಅದಕ್ಕಿಂತ ಚಿಕ್ಕದು ಬೆರಳಿಗೆ ಸಿಗುವುದಿಲ್ಲ. ಗೆರೆಯ ಹೊರಗೆ ತುಸು ಬಿಟ್ಟು ಚಿಕ್ಕ ಗರಗಸದಲ್ಲಿ ಕೊಯ್ದು, ಒರಟು ಚಕ್ರದ ಮೇಲೆ ಗೆರೆಯವರೆಗೆ ತನ್ನಿ. ಆಮೇಲೆ ಅರಗು ಕರಗಿಸಿ ಹರಳಿನ ತಳವನ್ನು ಕಡ್ಡಿಯ ತುದಿಗೆ ಕೂರಿಸುತ್ತೇವೆ. ಕಲ್ಲನ್ನೂ ಮೊದಲೇ ಬೆಚ್ಚಗೆ ಮಾಡಿಕೊಂಡಿರಬೇಕು. ತಣ್ಣನೆಯ ಕಲ್ಲಿಗೆ ಅರಗು ಹಿಡಿದಂತೆ ಕಂಡರೂ ಚಕ್ರ ಮುಟ್ಟಿದ ಕ್ಷಣ ಹರಳು ಹಾರಿ ಹೋಗುತ್ತದೆ.

ಮುಂದೆ 100, 220, 400, 600, 1200, 3000 ನಂಬರಿನ ಚಕ್ರಗಳು, ಹೀಗೆ ಒರಟಿನಿಂದ ನಯಕ್ಕೆ. ನಂಬರು ಹೆಚ್ಚಿದಷ್ಟೂ ಚಕ್ರದ ಪುಡಿ ನಯ. ಕೈ ಎಲ್ಲೂ ನಿಲ್ಲಬಾರದು. ನಿಂತ ಕಡೆ ಚಪ್ಪಟೆಯಾಗುತ್ತದೆ, ಉಬ್ಬು ಕೆಡುತ್ತದೆ.

ಎಲ್ಲರೂ ಅವಸರ ಮಾಡುವ ಜಾಗ ಇದು. ಒದ್ದೆ ಕಲ್ಲು ಯಾವಾಗಲೂ ಹೊಳೆಯುತ್ತದೆ, ಗೀರುಗಳನ್ನು ನೀರು ಮುಚ್ಚಿಬಿಡುತ್ತದೆ. ಆದ್ದರಿಂದ ಪ್ರತಿ ಚಕ್ರ ಬದಲಿಸುವ ಮುಂಚೆ ಹರಳನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಬಲ್ಬಿನ ಬೆಳಕು ಹರಳಿನ ಮೈಮೇಲೆ ಒಂದು ಚುಕ್ಕೆಯಾಗಿ ಬೀಳುವಂತೆ ಹಿಡಿದು ನಿಧಾನಕ್ಕೆ ಹೊರಳಿಸಿ. ಆ ಚುಕ್ಕೆ ಸಾಗಿದ ದಾರಿಯಲ್ಲಿ ಸಣ್ಣ ಬಿಳಿ ಗೀರುಗಳು ಎದ್ದು ಕಾಣುತ್ತವೆ. ಅದರಲ್ಲಿ ಒಂದು ಗೀರು ಉಳಿದವಕ್ಕಿಂತ ಆಳವಾಗಿದ್ದು ಬೇರೆ ದಿಕ್ಕಿಗೆ ಹೋಗಿದ್ದರೆ ಅದು ಹಿಂದಿನ ಒರಟು ಚಕ್ರದ್ದು. ನಯವಾದ ಚಕ್ರದಲ್ಲಿ ಎಷ್ಟು ತೇಯ್ದರೂ ಅದು ಹೋಗುವುದಿಲ್ಲ, ಹೊಳಪು ಬಂದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ. ಹಿಂದಿನ ಚಕ್ರಕ್ಕೇ ಹೋಗಬೇಕು. ಹೀಗೆ ಹಿಂದೆ ಹೋಗಲು ಒಪ್ಪುವವರು ಬೇಗ ಕಲಿಯುತ್ತಾರೆ. ನಾವು ಕಂಡಂತೆ ಕೈಚಳಕಕ್ಕಿಂತ ಈ ಒಪ್ಪಿಗೆಯೇ ಮುಖ್ಯ.

ಕೊನೆಗೆ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ ತೊಗಲಿನ ಅಥವಾ ಫೆಲ್ಟಿನ ಚಕ್ರದ ಮೇಲೆ ಹೊಳಪು. ಒತ್ತಿ ಹಿಡಿದರೆ ಬಿಸಿಯಾಗಿ ಅಗೇಟ್ ಬಿರುಕು ಬಿಡುತ್ತದೆ. ಬೆರಳಿಗೆ ಬಿಸಿ ತಾಗಿದ ಕೂಡಲೇ ಎತ್ತಿ.

ವಜ್ರದಂಗ ಮುಖ ಮುಖ ಇರೋ ಹರಳು ಯಾವಾಗ ಕಲಿಸ್ತೀರಿ?

ನಾಲ್ಕಾರು ಕ್ಯಾಬೊಶಾನ್‌ಗಳಿಗೆ ಸರಿಯಾದ ಹೊಳಪು ಬಂದ ಮೇಲೆ. ಅದಕ್ಕೆ ಬೇರೆಯೇ ಯಂತ್ರ ಇದೆ. ಹರಳನ್ನು ಹಿಡಿದ ಕಡ್ಡಿಯ ಕೋನವನ್ನು ಒಂದು ಅಳತೆ ಪಟ್ಟಿ ನಿರ್ಧರಿಸುತ್ತದೆ, ಸುತ್ತ ತಿರುಗಿಸುವುದನ್ನು ಸಾಮಾನ್ಯವಾಗಿ 96 ಹಲ್ಲಿನ ಚಕ್ರ ನಿರ್ಧರಿಸುತ್ತದೆ.

ಇಲ್ಲಿ ಕೋನವೇ ಎಲ್ಲ. ಹರಳಿನ ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ವಾಪಸ್ ಕಣ್ಣಿಗೆ ಬರಬೇಕು. ಬೆಣಚಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) ಸುಮಾರು 1.54, ಹಾಗಾಗಿ ಬೆಣಚಿನ ಜಾತಿಯವೇ ಆದ ಅಮೆಥಿಸ್ಟ್, ಸ್ಫಟಿಕಗಳ ಕೆಳಮುಖಗಳನ್ನು 42–43 ಡಿಗ್ರಿಗೆ ಕಡಿಯುತ್ತೇವೆ. 40ಕ್ಕಿಂತ ಕೆಳಗೆ ಹೋದರೆ ಬೆಳಕು ತಳದಿಂದ ಸೋರಿಹೋಗಿ ನಡುವೆ ಕಿಟಕಿಯಂಥ ಖಾಲಿ ಜಾಗ ಕಾಣುತ್ತದೆ. ಹರಳಿನ ಕೆಳಗಿಟ್ಟ ಅಕ್ಷರ ಓದಲು ಬರುತ್ತದೆ. ಮಾಣಿಕ್ಯ, ನೀಲಗಳ ಸೂಚ್ಯಂಕ 1.76ರಿಂದ 1.77, ಅವು ಇನ್ನೂ ಕಡಿಮೆ ಕೋನದಲ್ಲೂ ಬೆಳಕನ್ನು ಹಿಡಿದಿಡುತ್ತವೆ. ಪೇಟೆಯಲ್ಲಿ ತೂಕ ಉಳಿಸಲೆಂದು ಕೋನ ಬಿಟ್ಟುಕೊಟ್ಟ ಹರಳುಗಳು ಬಹಳ ಸಿಗುತ್ತವೆ. ನೀವು ಒಂದನ್ನು ಸರಿಯಾಗಿ ಕಡಿದರೆ ಅಂಗಡಿಯ ಗಾಜಿನಾಚೆಯಿಂದಲೇ ಆ ಕಿಟಕಿ ಗುರುತಿಸುತ್ತೀರಿ.

ಕಲ್ಲಿನ ಧೂಳಿನಿಂದ ಏನರ ಆಗ್ತೇತೇನ್ರಿ?

ಆಗುತ್ತದೆ. ಇದರಲ್ಲಿ ನಾವು ಯಾರ ಮಾತನ್ನೂ ಕೇಳುವುದಿಲ್ಲ.

ಅಗೇಟ್, ಜಾಸ್ಪರ್, ಅಮೆಥಿಸ್ಟ್ ಎಲ್ಲವೂ ಸಿಲಿಕಾ. ಅದರ ಅತಿ ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಔಷಧ ಇಲ್ಲ, ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ. ಗುಜರಾತಿನ ಖಂಭಾತ್ ಅಗೇಟ್ ಮಣಿಗಳಿಗೆ ನೂರಾರು ವರ್ಷಗಳಿಂದ ಹೆಸರಾದ ಊರು. ಒಣ ಸಾಣೆಯ ಮುಂದೆ ಕೂತ ಅಲ್ಲಿನ ಕೆಲಸಗಾರರಲ್ಲಿ ಎಷ್ಟೋ ಜನ ಈ ರೋಗಕ್ಕೆ ತುತ್ತಾದರು. ಅವರ ಮನೆಯವರು, ಅಕ್ಕಪಕ್ಕದವರೂ ಅದೇ ಧೂಳು ಉಸಿರಾಡಿದರು. ಹೊಟ್ಟೆಪಾಡಿಗಾಗಿ ಅವರು ತೆತ್ತ ಬೆಲೆ ಅದು. ಹವ್ಯಾಸಕ್ಕೆ ಬರುವ ನಮಗೆ ಆ ಅಪಾಯ ಮೈಮೇಲೆ ಎಳೆದುಕೊಳ್ಳುವ ಯಾವ ಅನಿವಾರ್ಯತೆಯೂ ಇಲ್ಲ.

ಆದ್ದರಿಂದ ನೀರಿಲ್ಲದೆ ಯಾವ ಚಕ್ರವೂ ತಿರುಗುವುದಿಲ್ಲ. "ಒಂದ ನಿಮಿಷದ ಕೆಲಸರೀ" ಎಂದರೂ ಇಲ್ಲ. ಮಾಸ್ಕ್ ಹಾಕಿಕೊಳ್ಳಿ, ಆದರೆ ಮಾಸ್ಕ್ ಇದೆ ಎಂದು ಒಣದಾಗಿ ತೇಯಲು ಬಿಡುವುದಿಲ್ಲ. ಕಸಬರಿಗೆಯಿಂದ ಗುಡಿಸುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಏಪ್ರನ್ ಕೂಟದಲ್ಲೇ ಬಿಟ್ಟು ಹೋಗಿ, ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜತೆ ಒಗೆಯಬೇಡಿ. ಮ್ಯಾಲಕೈಟ್‌ನಂಥ ತಾಮ್ರದ ಅಂಶ ಇರುವ ಕಲ್ಲುಗಳ ಧೂಳು ವಿಷ, ಅವನ್ನು ಹೊಸಬರಿಗೆ ಕೊಡುವುದಿಲ್ಲ.

ನಳಕ್ಕೆ ದಿನಾ ನೀರು ಬರದ ಊರಲ್ಲಿ ಇಷ್ಟು ನೀರು ಎಲ್ಲಿಂದ ಎಂದು ಕೇಳುವವರಿಗೆ: ಅದೇ ನೀರನ್ನು ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು ಮತ್ತೆ ಬಳಸುತ್ತೇವೆ, ವಾಸನೆ ಬರುವ ಮುಂಚೆ ಬದಲಿಸುತ್ತೇವೆ. ತಳದ ಕೆಸರನ್ನು ಗಟಾರಕ್ಕೆ ಬಿಡುವುದಿಲ್ಲ, ಒಣಗಲೂ ಬಿಡುವುದಿಲ್ಲ. ಒಣಗಿದರೆ ಅದೇ ಧೂಳು. ಹಸಿ ಇರುವಾಗಲೇ ಚೀಲಕ್ಕೆ ಕಟ್ಟುತ್ತೇವೆ. ನೀರು ಮತ್ತು ಕರೆಂಟು ಒಂದೇ ಮೇಜಿನ ಮೇಲೆ ಇರುವುದರಿಂದ ಶಾಕ್ ಹೊಡೆಯುವ ಮುಂಚೆ ಲೈನ್ ಕಡಿಯುವ ಸ್ವಿಚ್ ಎಲ್ಲ ಯಂತ್ರಕ್ಕೂ ಇದೆ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ.

ಬೆಳ್ಳಿ ಕೆಲಸದಾಗ ಬೆಂಕಿ ಭಯ ಇಲ್ಲೇನ್ರಿ?

ಇದೆ, ಅದಕ್ಕೆ ತಕ್ಕ ಎಚ್ಚರವೂ ಇದೆ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ. ನೈಲಾನ್, ಪಾಲಿಸ್ಟರ್ ಬೇಡ. ಸೆರಗು ಸಿಕ್ಕಿಸಿ, ದುಪಟ್ಟಾ ತೆಗೆದಿಡಿ, ಕೂದಲು ಕಟ್ಟಿ. ಕಾಲು ಮುಚ್ಚುವ ಬೂಟು ಬೇಕು, ಚಪ್ಪಲಿ ನಡೆಯುವುದಿಲ್ಲ. ಟಾರ್ಚ್ ಉರಿಯುವಾಗ ಕಿಟಕಿ ತೆರೆದಿರಬೇಕು, ಹೊಗೆ ಎಳೆಯುವ ಫ್ಯಾನ್ ಓಡುತ್ತಿರಬೇಕು.

ಕೆಡಿಎಂ ಬಂಗಾರ ಎಂಬ ಹೆಸರು ನೀವು ಕೇಳಿರುತ್ತೀರಿ. ಅದರ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇತ್ತು. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ, ಬೆಸುಗೆಯ ಶಾಖದಲ್ಲೇ ಅದರ ಹೊಗೆ ಏಳುತ್ತದೆ. ಹಾಕಿಕೊಂಡವರಿಗಿಂತ ಹೆಚ್ಚು ಕೆಟ್ಟದ್ದಾದದ್ದು ಉರಿಯ ಮುಂದೆ ಕೂತ ಪತ್ತಾರರಿಗೆ. ಬೆಳ್ಳಿಗೂ ಅಂಥ ಬೆಸುಗೆ ಸಿಗುತ್ತದೆ. ಹೊರಗಿನಿಂದ ಬೆಸುಗೆ ತಂದು ನಮ್ಮಲ್ಲಿ ಬಳಸುವುದು ನಿಷಿದ್ಧ. ಕೂಟದ ಡಬ್ಬಿಯಲ್ಲಿರುವುದು ಕ್ಯಾಡ್ಮಿಯಂ ಇಲ್ಲದ್ದು.

ಬೆಸೆದ ಮೇಲೆ ಕಪ್ಪು ತೆಗೆಯಲು ಬಿಸಿ ಸಿಟ್ರಿಕ್ ಆಮ್ಲ ಬಳಸುತ್ತೇವೆ, ಗಂಧಕಾಮ್ಲ ಇಟ್ಟಿಲ್ಲ. ಆ ಬೋಗುಣಿಗೆ ಉಕ್ಕಿನ ಚಿಮ್ಮಟ ಅದ್ದಬೇಡಿ, ಒಳಗಿನ ತಾಮ್ರವೆಲ್ಲ ಬೆಳ್ಳಿಯ ಮೇಲೆ ಕೂತು ಕೆಂಪಾಗುತ್ತದೆ. ಕಟ್ಟಿಗೆಯ ಇಕ್ಕಳ ಪಕ್ಕದಲ್ಲೇ ಇರುತ್ತದೆ. ಕೊನೆಯ ತೊಳೆತಕ್ಕೆ ಅಂಟವಾಳಕಾಯಿ ನೊರೆ ಮತ್ತು ಹಿತ್ತಾಳೆ ಬ್ರಷ್. ಇದು ಪತ್ತಾರ ಕಾಕಾ ಕಲಿಸಿದ್ದು, ಇದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ.

ಬೆಸುಗೆ ಭಾಳ ಕಠಿಣ ಅಂತಾರಲ್ರಿ?

ಬೆಳ್ಳಿ ಕೆಲಸದಲ್ಲಿ ಹೊಸಬರು ಬೇಸರಪಟ್ಟುಕೊಳ್ಳುವುದು ಇಲ್ಲೇ, ಆಮೇಲೆ ಅತಿ ಹೆಚ್ಚು ಖುಷಿಪಡುವುದೂ ಇಲ್ಲೇ.

ಬೆಸುಗೆ ಸಂದು ತುಂಬುವುದಿಲ್ಲ. ಎರಡು ಅಂಚು ಒಂದಕ್ಕೊಂದು ತಾಗಿರಬೇಕು, ನಡುವೆ ಬೆಳಕು ಕಂಡರೆ ಅರ ಹಾಕಿ ಮತ್ತೆ ಹೊಂದಿಸಿ. ಅಂಚು ಶುಚಿಯಾಗಿರಬೇಕು, ಬೆರಳಿನ ಜಿಡ್ಡೂ ಅಡ್ಡಿ. ಬಿಳಿಗಾರವನ್ನು ನೀರಲ್ಲಿ ತೇಯ್ದು ಹಚ್ಚಿ, ಸಾಸಿವೆಗಿಂತ ಚಿಕ್ಕ ಬೆಸುಗೆ ತುಣುಕನ್ನು ಸಂದಿನ ಮೇಲೆ ಇಡಿ.

ಈಗ ಉರಿ. ಲೋಹಗಳಲ್ಲೆಲ್ಲ ಬೆಳ್ಳಿ ಅತಿ ಬೇಗ ಶಾಖವನ್ನು ಸಾಗಿಸುತ್ತದೆ. ಸಂದಿನ ಮೇಲೆ ಮಾತ್ರ ಉರಿ ಹಿಡಿದರೆ ಶಾಖವೆಲ್ಲ ಉಳಿದ ಮೈಗೆ ಹರಿದುಹೋಗುತ್ತದೆ, ಬೆಸುಗೆ ಮಾತ್ರ ಉಂಡೆಯಾಗಿ ಕೂರುತ್ತದೆ. ಇಡೀ ಉಂಗುರವನ್ನು ಸುತ್ತಲಿಂದ ಕಾಯಿಸಿ. ಬಿಳಿಗಾರ ಮೊದಲು ಬೆಳ್ಳಗೆ ಉಬ್ಬುತ್ತದೆ. ಆಗ ತುಣುಕು ಜರುಗಬಹುದು, ಕಡ್ಡಿಯಿಂದ ಮೆಲ್ಲಗೆ ಸರಿಸಿ. ಉಬ್ಬು ಇಳಿದು, ಅದು ಕರಗಿದ ಗಾಜಿನ ಹಾಗೆ ಬೆಳ್ಳಿಯ ಮೈಗೆ ಹತ್ತುತ್ತದೆ. ದೀಪ ತಗ್ಗಿಸಿದ ಕೋಣೆಯಲ್ಲಿ ಬೆಳ್ಳಿ ಮಂಕು ಕೆಂಪಿಗೆ ತಿರುಗುವುದು ಕಾಣುತ್ತದೆ. ಅದರ ಮರುಕ್ಷಣ ಸಂದಿನ ಉದ್ದಕ್ಕೂ ಒಂದು ಹೊಳೆಯುವ ಗೆರೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಓಡಿದ್ದು ಕಂಡ ಕೂಡಲೇ ಉರಿ ಎತ್ತಿ. 925 ಬೆಳ್ಳಿ (ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ) ಸುಮಾರು 800 ಡಿಗ್ರಿಯಿಂದಲೇ ಕರಗಲು ಶುರುವಾಗುತ್ತದೆ. ಬೆಸುಗೆ ಓಡುವುದಕ್ಕೂ ಉಂಗುರವೇ ಕುಸಿಯುವುದಕ್ಕೂ ನಡುವೆ ಇರುವ ಹೊತ್ತು ಬಹಳ ಚಿಕ್ಕದು. ಇದನ್ನು ಮೊದಲು ತಾಮ್ರದ ಮೇಲೆ ಕಲಿಸುತ್ತೇವೆ. ತಾಮ್ರ ಕರಗುವುದು 1085 ಡಿಗ್ರಿಗೆ, ಆದ್ದರಿಂದ ಕೈ ಪಳಗುವವರೆಗೆ ಭಯವಿಲ್ಲ.

ಮನ್ಯಾಗಿನ ಹಳೇ ಬೆಳ್ಳಿ ತಂದು ಕರಗಿಸಿದ್ರ ನಡೀತೇತೇನ್ರಿ?

ದಯವಿಟ್ಟು ಮೊದಲ ಕೆಲಸಕ್ಕೆ ತರಬೇಡಿ. ಹಳೆಯ ಕಾಲ್ಗೆಜ್ಜೆಯಲ್ಲಿ ಬೆಸುಗೆಯೇ ತುಂಬಿರುತ್ತದೆ, ಬೆಳ್ಳಿ ಎಷ್ಟು, ಉಳಿದದ್ದು ಎಷ್ಟು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಕರಗಿಸಿ ತಟ್ಟಿದರೆ ಅಂಚು ಒಡೆಯುತ್ತದೆ. ಕಲಿಯುವಾಗ ಬಳಸುವುದು 925 ಬೆಳ್ಳಿಯ ತಗಡು. ಹರಳನ್ನು ಸುತ್ತುವ ಪಟ್ಟಿಗೆ ಮಾತ್ರ ಶುದ್ಧ ಬೆಳ್ಳಿ. ಅದು ಮೆತ್ತಗಿರುವುದರಿಂದ ಹರಳನ್ನು ನೋಯಿಸದೆ ಮಡಚಿಕೊಳ್ಳುತ್ತದೆ.

ಅಜ್ಜಿಯ ಗುಂಡಗಡಿಗೆ (ಲಿಂಗ ಇಡುವ ದುಂಡನೆಯ ಕರಡಿಗೆ), ಯಾರೋ ಹಿರಿಯರ ಉಡಿದಾರ ತಂದು "ಉಂಗುರ ಮಾಡ್ಕೋತೀನಿ" ಎಂದವರಿಗೆ ನಾವು ಸ್ವಲ್ಪ ತಡೆಯಿರಿ ಎನ್ನುತ್ತೇವೆ. ಮನೆಯವರನ್ನೆಲ್ಲ ಕೇಳಿ. ಅದರ ಬೆಸುಗೆ ಎಲ್ಲಿದೆ, ಮುಚ್ಚಳ ಹೇಗೆ ಕೂತಿದೆ ಎಂದು ಭೂತಗನ್ನಡಿ ಹಿಡಿದು ನಮ್ಮ ಜತೆ ನೋಡಿ. ಅಂಥ ಕೈಕೆಲಸ ಈಗ ಮಾಡುವವರು ಕಡಿಮೆ. ಕರಗಿಸಿದರೆ ಉಳಿಯುವುದು ತೂಕ ಮಾತ್ರ.

ಕಪ್ಪತಗುಡ್ಡದಾಗ ಕಲ್ಲು ಆರಿಸಿಕೊಂಡು ಬರಬಹುದೇನ್ರಿ?

ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿಂದ ಏನನ್ನೂ ತರುವ ಹಾಗಿಲ್ಲ, ಅಲ್ಲಿಯ ಕಲ್ಲನ್ನು ಕೂಟದಲ್ಲಿ ಕಡಿಯಲು ನಾವೂ ಬಿಡುವುದಿಲ್ಲ. ಹಾಗೆಯೇ ಹಳೆಯ ಗುಡಿ, ಕೋಟೆಗಳ ಬಳಿ ಬಿದ್ದ ಚೂರೂ ಬೇಡ. ಅಗೇಟ್, ಜಾಸ್ಪರ್, ಕುರುಂದ ಇವೆಲ್ಲ 2015ರಿಂದ ಉಪಖನಿಜಗಳ ಪಟ್ಟಿಯಲ್ಲಿವೆ, ಅಗೆದು ಮಾರುವುದಕ್ಕೆ ಪರವಾನಗಿ ಬೇಕು. ನಮ್ಮ ಒರಟು ಕಲ್ಲುಗಳು ಬಿಲ್ಲಿನ ಮೇಲೆ ಕೊಂಡವು, ಹೆಚ್ಚಿನವು ಜೈಪುರ ಮತ್ತು ಖಂಭಾತ್‌ನಿಂದ ಬಂದವು.

ಆದರೆ ನೋಡಲು ಹೋಗಿ, ಅದಕ್ಕೆ ಕಾಲಿಗೆ ಬಲ ಇದ್ದರೆ ಸಾಕು. ನಾವು ನಿಂತ ನೆಲ ಭೂವಿಜ್ಞಾನಿಗಳಿಗೆ ಯಾತ್ರಾಸ್ಥಳ. ಈ ಬಂಡೆಗಳ ಸಮೂಹವನ್ನು ರಾಬರ್ಟ್ ಬ್ರೂಸ್ ಫುಟ್ 19ನೇ ಶತಮಾನದಲ್ಲಿ ಧಾರವಾಡದ ಹೆಸರಿನಿಂದಲೇ ಕರೆದರು. ಇಂದಿಗೂ ಜಗತ್ತಿನ ಪಠ್ಯಗಳಲ್ಲಿ ಆ ಹೆಸರಿದೆ. ಗದಗದ ಕಡೆ ಕಬ್ಬಿಣದ ಅದಿರು ಮತ್ತು ಕೆಂಪು ಚರ್ಟ್ (ಬೆಣಚಿನ ಬಳಗದ ಗಡಸು ಕಲ್ಲು) ಪದರ ಪದರವಾಗಿ ಸಾಗುವುದನ್ನು ರಸ್ತೆ ಬದಿಯಲ್ಲೇ ಕಾಣಬಹುದು. ಕಪ್ಪತಗುಡ್ಡದ ಹಳ್ಳಗಳ ಮರಳು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದ ಜಾಲಗಾರರ ಬಗ್ಗೆ ಬ್ರಿಟಿಷರ ಕಾಲದ ಬರಹಗಳಿವೆ. ಉತ್ತರಕ್ಕೆ, ಬೆಳಗಾವಿ-ವಿಜಯಪುರದ ಕಡೆ ಹೋದರೆ ಲಾವಾ ಆರಿ ಆದ ಕಪ್ಪು ಬಸಾಲ್ಟ್ ಕಲ್ಲು ಶುರು, ಅದರ ಗುಳ್ಳೆಗಳಲ್ಲೇ ಅಗೇಟ್ ಹುಟ್ಟುವುದು. ಧಾರವಾಡದ ಈ ಕಲ್ಲಿಗೂ ಆ ಬಸಾಲ್ಟಿಗೂ ವಯಸ್ಸಿನ ಅಂತರ ಇನ್ನೂರು ಕೋಟಿ ವರ್ಷಕ್ಕಿಂತ ಹೆಚ್ಚು. ಒಂದು ಅಗೇಟ್ ಬಿಲ್ಲೆ ಕೈಯಲ್ಲಿ ಹಿಡಿದಾಗ ಇದು ನೆನಪಿದ್ದರೆ ಗರಗಸಕ್ಕೆ ಕೊಡುವ ಮುಂಚೆ ಇನ್ನೊಂದು ಸಲ ನೋಡುತ್ತೀರಿ.

ಖರ್ಚು ಎಷ್ಟ ಬರ್ತೇತ್ರಿ?

ಮೂರು ಬಾಬತ್ತು: ವರ್ಷದ ಸದಸ್ಯತ್ವ, ಬೆಂಚಿಗೆ ಕೂತ ಗಂಟೆಗಳ ಬಾಡಿಗೆ, ಬಳಸಿದ ಸಾಮಾನು. ಮೊದಲೆರಡನ್ನು ವಾರ್ಷಿಕ ಸಭೆ ನಿಗದಿ ಮಾಡುತ್ತದೆ, ಈ ವರ್ಷದ ದರ ಬಾಗಿಲ ಪಕ್ಕದ ಫಲಕದಲ್ಲಿದೆ. ಬೆಳ್ಳಿಯನ್ನು ಅಂದಿನ ಪೇಟೆ ದರಕ್ಕೇ ತೂಗಿ ಕೊಡುತ್ತೇವೆ, ಲಾಭ ಇಡುವುದಿಲ್ಲ. ಒಂದು ಸಾಧಾರಣ ಉಂಗುರಕ್ಕೆ ಐದರಿಂದ ಎಂಟು ಗ್ರಾಂ ಬೇಕಾಗುತ್ತದೆ. ಬೆಂಚಿನ ಕೆಳಗಿನ ತೊಗಲಿನಲ್ಲಿ ಬಿದ್ದ ಅರದ ಪುಡಿ, ತುಣುಕುಗಳು ನಿಮ್ಮವೇ, ನಿಮ್ಮ ಹೆಸರಿನ ಡಬ್ಬಿಯಲ್ಲಿ ಕೂಡಿಡಿ. ಗರಗಸದ ಬ್ಲೇಡು ಮುರಿದರೆ ದಂಡ ಇಲ್ಲ, ಎಲ್ಲರೂ ಮುರಿಯುತ್ತಾರೆ.

ಸ್ವಂತ ಯಂತ್ರ ಕೊಳ್ಳಲೇ ಎಂದು ಕೇಳಿದರೆ, ಈಗಲೇ ಬೇಡ ಎನ್ನುತ್ತೇವೆ. ಬೆಲೆ ಹಾಗಿರಲಿ, ಸದ್ದು, ಕೆಸರು, ನೀರಿನ ವ್ಯವಸ್ಥೆ ಇಲ್ಲದ ಮನೆಯಲ್ಲಿ ಅದು ಮೂಲೆ ಸೇರುತ್ತದೆ. ಒಂದು ಕೈಗರಗಸ, ಎರಡು ಅರ, ಒಂದು ಚಿಮ್ಮಟ ಕೊಳ್ಳಿ. ಮನೆಯಲ್ಲಿ ತಾಮ್ರದ ತಗಡಿನ ಮೇಲೆ ಗೆರೆ ಎಳೆದು ಕೊಯ್ಯುವ ಅಭ್ಯಾಸ ಮಾಡಲು ಅಷ್ಟು ಸಾಕು.

ಮಾಡಿದ್ದನ್ನ ಮಾರಬಹುದೇನ್ರಿ?

ಮಾರಬಹುದು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾರಬೇಕು. ಪೇಟೆಯ ಗಾಢ ನೀಲಿ, ಗುಲಾಬಿ ಅಗೇಟಿಗೆ ಸಾಮಾನ್ಯವಾಗಿ ಬಣ್ಣ ಹಾಕಿರುತ್ತಾರೆ. ಬಣ್ಣ ಹಾಕಿದ್ದು ಎಂದೇ ಹೇಳಿ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾಣಿಕ್ಯವನ್ನು ಬರೀ ಮಾಣಿಕ್ಯ ಎಂದು ಕೊಟ್ಟವರಿಗೆ ಕೂಟದಲ್ಲಿ ಜಾಗ ಇಲ್ಲ. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ಆದರೆ ಹಾಕಿಸುವುದಿದ್ದರೆ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಾಯಿಸಿಕೊಂಡವರು ಮಾತ್ರ ಮಾನ್ಯತೆ ಪಡೆದ ಕೇಂದ್ರದಲ್ಲಿ ಹಾಕಿಸಬೇಕು. ನೀವೇ ಗುರುತು ಒತ್ತಿಕೊಳ್ಳುವ ಹಾಗಿಲ್ಲ. ಬೆಳ್ಳಿ ಆಭರಣಕ್ಕೆ ಜಿಎಸ್‌ಟಿ ಶೇಕಡ 3.

ರಾಶಿ ಹರಳು ಹೇಳ್ತೀರೇನ್ರಿ?

ಹೇಳುವುದಿಲ್ಲ. ನಿಮಗೆ ಗೋಮೇಧಿಕವೋ ವೈಡೂರ್ಯವೋ ಬೇಕೆಂದು ನಿಮ್ಮ ಹಿರಿಯರು ಹೇಳಿದ್ದರೆ ಅದನ್ನು ಗೌರವದಿಂದ ಕಡಿದುಕೊಳ್ಳಲು ಕಲಿಸುತ್ತೇವೆ. ಅದು ನಿಜವಾದದ್ದೇ ಎಂದು ಪರೀಕ್ಷಿಸುವುದನ್ನೂ ಕಲಿಸುತ್ತೇವೆ. ಯಾರಿಗೆ ಯಾವುದು ಎಂಬುದು ನಮ್ಮ ಕೆಲಸ ಅಲ್ಲ.

ನಾವು ಗದಗದಾಗ ಇರ್ತೀವಿ, ಹಾವೇರಿಯವರೂ ಒಬ್ರು ಅದಾರ. ಬಂದು ಹೋಗೋದು ಆಗ್ತೇತೇನ್ರಿ?

ಆಗುತ್ತದೆ. ಎರಡೂ ಊರಿನಿಂದ ಹುಬ್ಬಳ್ಳಿಗೆ ರೈಲು, ಬಸ್ಸು ಎರಡೂ ಇವೆ, ಧಾರವಾಡದವರಿಗೆ ಚಿಗರಿ ಬಸ್ಸಿದೆ. ದೂರದವರಿಗೆ ಭಾನುವಾರ ಪೂರ್ತಿ ದಿನದ ಬೆಂಚು ಕೊಡುತ್ತೇವೆ, ಮೊದಲೇ ಹೇಳಿಡಿ. ಮಧ್ಯಾಹ್ನದ ಬುತ್ತಿ ತನ್ನಿ. ಊಟ ಹೊರಗಿನ ಕೋಣೆಯಲ್ಲಿ ಮಾತ್ರ, ಕೈ ತೊಳೆದುಕೊಂಡೇ. ಕೆಲಸದ ಕೋಣೆಯೊಳಗೆ ಚಹಾದ ಕಪ್ಪನ್ನೂ ತರಬಾರದು.

ಮೊದಲನೇ ದಿನ ಏನ್ ತರಬೇಕ್ರಿ?

ಹತ್ತಿ ಬಟ್ಟೆ, ಮುಚ್ಚಿದ ಬೂಟು, ಹಳೆಯ ಒಂದು ಟವಲು, ಚಾಳೀಸು ಇದ್ದರೆ ಚಾಳೀಸು. ಬಳೆ, ಉಂಗುರ, ಕೈಗಡಿಯಾರ ಮನೆಯಲ್ಲೇ ಬಿಟ್ಟು ಬನ್ನಿ, ತಿರುಗುವ ಚಕ್ರದ ಹತ್ತಿರ ಅವು ಅಪಾಯ. ಆಧಾರ್ ಕಾರ್ಡಿನ ಒಂದು ಪ್ರತಿ, ತುರ್ತಿಗೆ ಫೋನ್ ಮಾಡಬೇಕಾದವರ ನಂಬರು ಬರೆದು ಕೊಡಿ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬನ್ನಿ. ಮೊದಲ ಅರ್ಧ ಗಂಟೆ ಬೆಂಕಿ, ನೀರು, ಕರೆಂಟಿನ ಪಾಠ ನಡೆಯುತ್ತದೆ. ಅದು ತಪ್ಪಿಸಿಕೊಂಡವರಿಗೆ ಆ ದಿನ ಬೆಂಚು ಸಿಗುವುದಿಲ್ಲ, ಮುಂದಿನ ವಾರ ಬರಬೇಕಾಗುತ್ತದೆ.